ಗಾರೆ ಉದುರಿದ ಅಂಗಡಿಗೆ ಸಿಮೆಂಟ್ ಹಚ್ಚಿಸಬಹುದೇ?

ಪ್ರಶ್ನೆ: ಮೈಸೂರಿನ ದೇವರಾಜ ಮಾರುಕಟ್ಟೆಯಂಥ ಪಾರಂಪರಿಕ ಕಟ್ಟಡಗಳ ಅಂಗಡಿಯೊಳಗೆ ನೆಲದಿಂದ ಮೂರಡಿಯವರೆಗೆ ಸುಣ್ಣದ ಗಾರೆ ಉದುರುತ್ತದಲ್ಲ, ಸಿಮೆಂಟ್ ಹಚ್ಚಿಸಿಬಿಡಬಹುದೇ?

ಉತ್ತರ: ಬೇಡ. ಪ್ರತಿ ಮಳೆಗಾಲಕ್ಕೂ ಇದೇ ಪ್ರಶ್ನೆ, ಇದೇ ಉತ್ತರ. ಪಾಲಿಕೆಯ ಮಳಿಗೆಯಾದರೆ ಗೋಡೆ ನಿಮ್ಮದಲ್ಲ. ಲಿಖಿತ ಒಪ್ಪಿಗೆ ಇಲ್ಲದೆ ಉಳಿ ಮುಟ್ಟಿಸಬೇಡಿ. ಇದನ್ನು ಎಲ್ಲರೂ ಒಪ್ಪುತ್ತಾರೆ.

ಜನ ಒಪ್ಪದಿರುವುದು, ಗಾರೆ ದುರ್ಬಲವಲ್ಲ ಅನ್ನುವ ಮಾತನ್ನು. 2016ರಲ್ಲಿ ಈ ಮಾರುಕಟ್ಟೆಯ ಉತ್ತರ ದ್ವಾರ ಕುಸಿದ ಮೇಲಂತೂ ಕೇಳುವುದೇ ಬೇಡ. ಸ್ವಾಮಿ, ಗೋಳಗುಮ್ಮಟ ಎದ್ದದ್ದು 17ನೇ ಶತಮಾನದಲ್ಲಿ, ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಅಷ್ಟು ದೊಡ್ಡ ಗುಮ್ಮಟವನ್ನು ಹಿಡಿದಿರುವುದು ಗಾರೆಯೇ.

ಗಾರೆ ಮೆತ್ತಗೆ ನಿಜ. ಅದೇ ಅದರ ಗುಣ. ಹಳೇ ಗೋಡೆಯ ಬುಡದಲ್ಲಿ ತೇವ ತಡೆಯುವ ಪದರವಿಲ್ಲ. ನೆಲದ ನೀರು ಇಟ್ಟಿಗೆಯೊಳಗೆ ಏರಿ ಗಾರೆಯ ಮೂಲಕ ಆರುತ್ತದೆ. ಅದರ ಉಪ್ಪು ಗಾರೆಯಲ್ಲೇ ಬಿಳಿ ಪುಡಿಯಾಗಿ ಕೂರುತ್ತದೆ. ಉದುರುವುದು ಗಾರೆ, ಉಳಿಯುವುದು ಇಟ್ಟಿಗೆ. ಸಿಮೆಂಟ್ ಹಚ್ಚಿದಿರೋ, ತೇವಕ್ಕೆ ದಾರಿ ಕಟ್ಟಿತು. ಸಿಮೆಂಟಿನ ಅಂಚು ಹುಡುಕಿಕೊಂಡು ಮೇಲೇರುತ್ತದೆ. ಮೂರಡಿ ಇದ್ದದ್ದು ಐದಡಿ. ಒಂದೆರಡು ವರ್ಷ ಗೋಡೆ ಲಕಲಕ, ಮೇಸ್ತ್ರಿಗೆ ಹೊಗಳಿಕೆ. ಆಮೇಲೆ ಬೆರಳಲ್ಲಿ ತಟ್ಟಿ ನೋಡಿ: ಟೊಳ್ಳು ಸದ್ದು. ಕಿತ್ತರೆ ಸಿಮೆಂಟಿನ ಹಕ್ಕಳೆಗೆ ಇಟ್ಟಿಗೆಯ ಮುಖವೇ ಅಂಟಿ ಬರುತ್ತದೆ. ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಮದ್ರಾಸ್ ತಾರಸಿಯಾದರೆ ಇನ್ನೂ ಕೇಡು. ಸೋರಿದ ನೀರು ಆರದೆ, ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಕೊಳೆಯುತ್ತದೆ; ಹೊರಗಿನಿಂದ ಏನೂ ಕಾಣದು.

ಹಾಗಾದರೆ? ಮೊದಲು ಕಟ್ಟಿಕೊಂಡ ಚರಂಡಿ, ಒಡೆದ ಮಳೆನೀರಿನ ಕೊಳವೆ ಸರಿಮಾಡಿ. ತೇವದ ಗೆರೆಯಿಂದ ಒಂದಡಿ ಮೇಲಿನವರೆಗೆ ಗಾರೆಯನ್ನು ಕೈ ಉಳಿಯಲ್ಲೇ ಕೀಳಿ, ಯಂತ್ರ ಬೇಡ. ಉಪ್ಪನ್ನು ಒಣ ಬ್ರಷ್‌ನಲ್ಲಿ ಗುಡಿಸಿ. ತೊಳೆದರೆ ಮತ್ತೆ ಒಳಕ್ಕೇ ಇಳಿಯುತ್ತದೆ. ಒಂದು ಬೇಸಿಗೆ ಒಣಗಲಿ. ತಿಂಗಳಾದರೂ ನೀರಲ್ಲಿ ಕಳಿತ ಸುಣ್ಣ 1 ಪಾಲು, ಸುರ್ಕಿ (ಇಟ್ಟಿಗೆ ಪುಡಿ) 1, ಜರಡಿ ಹಿಡಿದ ಮರಳು 2. ಒಂದು ಸಲಕ್ಕೆ 10–12 ಮಿ.ಮೀ. ಮೀರಬಾರದು, ಮೀರಿದರೆ ಬಿರುಕು. ವಾರವಿಡೀ ಒದ್ದೆ ಗೋಣಿ ಹೊದಿಸಿ, ಕೊನೆಗೆ ಸುಣ್ಣ ಬಳಿಯಿರಿ. ಇಷ್ಟೆಲ್ಲ ಮಾಡಿ, ತೇವದ ದಾರಿ ಕಟ್ಟುವ ಪ್ಲಾಸ್ಟಿಕ್ ಎಮಲ್ಷನ್ ಬಣ್ಣ ಬಳಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸುವ ವಿಚಾರ ಕೇಳಬೇಡಿ. ಸುಣ್ಣ ಚೆನ್ನಾಗಿ ಕಳಿತಿರಲಿ, ಸಾಕು.

ಗೋಡೆ ಮುಗಿದ ಮೇಲೆ ಕೈ ಹೋಗುವುದು ಬಾಗಿಲಿಗೆ. ಕೇಳದಿದ್ದರೂ ಹೇಳಿಬಿಡುತ್ತೇನೆ. ಒಂದೊಂದಾಗಿ ಜೋಡಿಸುವ ಹಲಗೆ ಬಾಗಿಲು ಮಳೆಗಾಲದಲ್ಲಿ ಬಿಗಿಯಾಯಿತೆಂದು ಉಜ್ಜುಗೊರಡು ಹಾಕಿಸಬೇಡಿ. ಬೇಸಿಗೆಯಲ್ಲಿ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಹೊಸ್ತಿಲಲ್ಲಿ ಹಲಗೆ ಕೂರುವ ತೋಡಿನ ಮಣ್ಣು ಕೆರೆದು, ಹಲಗೆಯ ಅಂಚಿಗೆ ಮೇಣದಬತ್ತಿ ಉಜ್ಜಿ. ಬಣ್ಣ ಹೊಡೆಸುವ ಮುಂಚೆ ಒಳಮೈ ನೋಡಿ, ಹಲಗೆಗಳ ಮೇಲೆ ವರಸೆಯ ಅಂಕಿ ಕೊರೆದಿರಬಹುದು. ಅದನ್ನು ಪುಟ್ಟಿಯಲ್ಲಿ ಮುಚ್ಚಿಸಿದಿರೋ, ರಾತ್ರಿ ಅಂಗಡಿ ಮುಚ್ಚುವಾಗ ನಾಲ್ಕನೇ ಹಲಗೆ ಏಳನೆಯದರ ಜಾಗದಲ್ಲಿ ಕೂರುವುದಿಲ್ಲ.