ಮುಂಗಡ ಆರೈಕೆ ಯೋಜನೆ: ಪದ ಪರಿಚಯ

ತನ್ನ ಇಷ್ಟಾನಿಷ್ಟಗಳನ್ನು ತಾನೇ ಹೇಳಲಾಗದ ಸ್ಥಿತಿ ಬಂದರೆ ತನ್ನ ಆರೈಕೆ ಮತ್ತು ಚಿಕಿತ್ಸೆ ಹೇಗಿರಬೇಕು ಎಂಬುದನ್ನು, ತಿಳಿವು ನೆಟ್ಟಗಿರುವಾಗಲೇ ಮನೆಯವರೊಡನೆಯೂ ವೈದ್ಯರೊಡನೆಯೂ ಮಾತನಾಡಿ ನಿಶ್ಚಯಿಸಿಡುವುದಕ್ಕೆ ‘ಮುಂಗಡ ಆರೈಕೆ ಯೋಜನೆ’ ಎನ್ನುತ್ತಾರೆ. ಇದನ್ನೇ ‘ಲಿವಿಂಗ್ ವಿಲ್’ ಎಂದು ತಿಳಿದವರು ಬಹಳ ಮಂದಿ. ಲಿವಿಂಗ್ ವಿಲ್, ಅಂದರೆ ಮುಂಗಡ ವೈದ್ಯಕೀಯ ನಿರ್ದೇಶನ, ಸಹಿ ಬಿದ್ದ ಒಂದು ಪತ್ರ. ಯೋಜನೆಯೆಂಬುದು ಆ ಪತ್ರಕ್ಕೆ ಮೊದಲು ನಡೆಯಬೇಕಾದ, ಆಮೇಲೂ ಮುಂದುವರಿಯಬೇಕಾದ ಮಾತುಕತೆ.

ಘನತೆಯಿಂದ ಸಾಯುವ ಹಕ್ಕು ಸಂವಿಧಾನದ 21ನೇ ವಿಧಿಯಲ್ಲಿ ಅಡಕವಾಗಿದೆಯೆಂದು 2018ರ ಮಾರ್ಚ್ 9ರಂದು ಹೇಳಿದ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಈ ಪತ್ರಕ್ಕೆ ಮಾನ್ಯತೆ ನೀಡಿತು. ಆಗ ಮ್ಯಾಜಿಸ್ಟ್ರೇಟರ ರುಜು ಬೇಕಿತ್ತು. 2023ರ ಜನವರಿಯ ತಿದ್ದುಪಡಿಯ ನಂತರ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಕರ್ನಾಟಕದ ಆರೋಗ್ಯ ಇಲಾಖೆಯು ಇದರ ಜಾರಿಗೆ 2025ರ ಜನವರಿ 30ರಂದು ಆದೇಶ ಹೊರಡಿಸಿತು. ವಾಸಿಯಾಗುವ ಭರವಸೆಯಿಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವ ಮುನ್ನ ಆಸ್ಪತ್ರೆ ರಚಿಸುವ ಎರಡು ವೈದ್ಯರ ತಂಡಗಳು, ಅಂದರೆ ಪ್ರಾಥಮಿಕ ಮತ್ತು ದ್ವಿತೀಯ ವೈದ್ಯ ಮಂಡಳಿಗಳೆರಡೂ, ಒಪ್ಪಬೇಕು. ಚುಚ್ಚುಮದ್ದು ಕೊಟ್ಟು ಪ್ರಾಣ ತೆಗೆಯುವುದಕ್ಕೆ ಇದರಲ್ಲಿ ಅವಕಾಶವೇ ಇಲ್ಲ. ‘ದಯಾಮರಣ’ ಎಂಬ ಒಂದೇ ಮಾತನ್ನು ಎರಡಕ್ಕೂ ಬಳಸುವುದರಿಂದ ಅನೇಕರು ವಿನಾಕಾರಣ ಹೆದರುತ್ತಾರೆ.

ಆದರೆ ಚಿಕಿತ್ಸೆ ಬೇಡವೆನ್ನುವುದು ಯೋಜನೆಯ ಒಂದು ಭಾಗ ಮಾತ್ರ. ನನ್ನ ತಾಯಿಯೊಡನೆ ಈ ಮಾತು ತೆಗೆದಾಗ ಅವರು ಮೊದಲು ಹೇಳಿದ್ದು ಐಸಿಯು ವಿಷಯವನ್ನಲ್ಲ. “ಸ್ನಾನ ಮಾಡಿಸುವವರು ಹೆಂಗಸರೇ ಆಗಿರಲಿ, ಹಲ್ಲಿನ ಸೆಟ್ ಹಾಕದೆ ಯಾರ ಎದುರಿಗೂ ನನ್ನನ್ನು ಕೂರಿಸಬೇಡ” ಎಂದರು. ವೆಂಟಿಲೇಟರ್ ಬಗ್ಗೆ ಕೇಳಿದಾಗ, “ಮತ್ತೆ ಎದ್ದು ನನ್ನ ಕೆಲಸ ನಾನು ಮಾಡಿಕೊಳ್ಳುವ ಹಾಗಿದ್ದರೆ ಏನು ಬೇಕಾದರೂ ಹಾಕಿ, ಇಲ್ಲವಾದರೆ ಮನೆಗೆ ಕರೆದುಕೊಂಡು ಬಾ” ಎಂದರು. ಬರೀ ‘ವೆಂಟಿಲೇಟರ್ ಬೇಡ’ ಎಂದು ಬರೆದಿಟ್ಟಿದ್ದರೆ, ನಾಲ್ಕು ದಿನದಲ್ಲಿ ಗುಣವಾಗಬಹುದಾದ ನ್ಯುಮೋನಿಯಾ ಬಂದಾಗಲೂ ಆ ಸಾಲು ಅವರ ಮನಸ್ಸಿಗೆ ವಿರುದ್ಧವಾಗಿಯೇ ಓದಿಕೊಳ್ಳುವಂತಾಗುತ್ತಿತ್ತು. ಕಾರಣ ಗೊತ್ತಿದ್ದರೆ, ಯಾರೂ ಊಹಿಸದ ಸಂದರ್ಭದಲ್ಲಿಯೂ ವೈದ್ಯರಿಗೆ ದಾರಿ ಕಾಣುತ್ತದೆ. ಯೋಜನೆಯಲ್ಲಿ ನಿರ್ಧಾರಕ್ಕಿಂತ ಅದರ ಹಿಂದಿನ ಕಾರಣವೇ ಮುಖ್ಯವೆಂದು ನಾನು ಭಾವಿಸುವುದು ಇದಕ್ಕಾಗಿ.

ತಮ್ಮ ಪರವಾಗಿ ಮಾತನಾಡುವವರನ್ನು ಪತ್ರದಲ್ಲಿ ಹೆಸರಿಸಬೇಕು. ಒಬ್ಬರಿಗಿಂತ ಹೆಚ್ಚು ಮಂದಿಯನ್ನೂ ಹೆಸರಿಸಬಹುದು. ಹಿರಿಯ ಮಗನೆಂಬ ಕಾರಣಕ್ಕೆ ಆರಿಸುವುದು ನಮ್ಮಲ್ಲಿ ರೂಢಿ. ತನ್ನ ದುಃಖವನ್ನು ಬದಿಗಿಟ್ಟು ನಿಮ್ಮ ಇಚ್ಛೆಯನ್ನು ಹೇಳಬಲ್ಲವರು ಸೊಸೆಯೋ ತಂಗಿಯೋ ಆಗಿದ್ದರೆ ಅವರನ್ನೇ ಆರಿಸಬೇಕು.

ಮನಸ್ಸು ಬದಲಾದಾಗ ಪತ್ರವನ್ನೂ ಬದಲಾಯಿಸಬಹುದು, ರದ್ದು ಮಾಡಲೂಬಹುದು. ಬ್ಯಾಂಕ್ ಲಾಕರಿನಲ್ಲಿಟ್ಟ ಪತ್ರ ನಡುರಾತ್ರಿ ಆಂಬುಲೆನ್ಸ್ ಬಂದಾಗ ಕೈಗೆ ಸಿಗುವುದಿಲ್ಲ. ನನ್ನ ತಾಯಿ ತಮ್ಮ ಪತ್ರದ ಪ್ರತಿಯನ್ನು ಮಾತ್ರೆಗಳ ಡಬ್ಬಿಯ ಕೆಳಗೆ ಇಟ್ಟುಕೊಂಡಿದ್ದಾರೆ.