ಹೈಬ್ರಿಡ್ ಕಾರಿಗೆ ನೀರಿನಂಥ ಆಯಿಲ್ ಬಂದದ್ದು ಹೇಗೆ?

ಪುಣೆಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಈಗ ಒಬ್ಬರದಾದರೂ ಹೈಬ್ರಿಡ್ ಕಾರು, ಅಂದರೆ ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ ಮೋಟಾರೂ ಇರುವ ಕಾರು, ಇರುತ್ತದೆ. ಮಾತು ಮೈಲೇಜಿನಿಂದ ಶುರುವಾಗಿ ಇಂಜಿನ್ ಆಯಿಲ್‌ಗೆ ಬಂದು ಸಿಕ್ಕಿಹಾಕಿಕೊಳ್ಳುತ್ತದೆ. ಸರ್ವಿಸ್ ಸೆಂಟರ್‌ನವರು 0ಡಬ್ಲ್ಯೂ-16 ಅಂತಾರೆ. ಗಲ್ಲಿಯ ಗ್ಯಾರೇಜಿನವರು ಅದು ತೀರಾ ತೆಳು, 5ಡಬ್ಲ್ಯೂ-30 ಇರಲಿ ಅಂತಾರೆ. ಹುಬ್ಬಳ್ಳಿಯ ಮಾವ ಫೋನಿನಲ್ಲಿ, "20ಡಬ್ಲ್ಯೂ-40 ಹಾಕ್ಸು, ಗಟ್ಟಿ ಇರ್ತದ" ಅಂತಾರೆ. ಮೂರೂ ಮೂರು ಕಾಲದ ಮಾತು.

ಮಾವನದು ಅಂಬಾಸಿಡರ್, ಪದ್ಮಿನಿ ಕಾಲ. ಮುಂಬೈ ಕುರ್ಲಾದಲ್ಲಿ ತಯಾರಾದ ಪದ್ಮಿನಿಗಳು ಟ್ಯಾಕ್ಸಿಯಾಗಿ 2023ರವರೆಗೂ ಓಡಿದವು. ಆ ಇಂಜಿನ್‌ಗಳ ಬಿಡಿಭಾಗಗಳ ನಡುವೆ ಸಂದು ಜಾಸ್ತಿ. ಸವೆದ ಮೇಲಂತೂ ತೆಳು ಆಯಿಲ್ ನಿಲ್ಲುತ್ತಿರಲಿಲ್ಲ. ಆಮೇಲೆ 1983ರಲ್ಲಿ ಮಾರುತಿ ಬಂತು, ಇಂಜಿನ್‌ಗಳು ನಯವಾದವು, ಆಯಿಲ್ ಮೆಲ್ಲಗೆ ತೆಳುವಾಗುತ್ತಾ ಹೋಯಿತು.

ಡಬ್ಬಿಯ ಮೇಲಿನ ಅಂಕಿಗಳನ್ನು ಸ್ವಲ್ಪ ಬಿಡಿಸಿ ನೋಡೋಣ. ಮೊದಲ ಅಂಕಿ ಚಳಿಗೆ ಸಂಬಂಧಿಸಿದ್ದು. 0ಡಬ್ಲ್ಯೂ ಆಯಿಲ್‌ನಲ್ಲಿ ಇಂಜಿನ್ ಸಲೀಸಾಗಿ ತಿರುಗುತ್ತದಾ ಅಂತ ಮೈನಸ್ 35 ಡಿಗ್ರಿಯಲ್ಲಿ ಪರೀಕ್ಷೆ ಮಾಡುತ್ತಾರೆ. ಎರಡನೆಯದು 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ಮಂದ ಅನ್ನೋದು. 40ರ ಗ್ರೇಡ್ ಅಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ಸ್ (ಮಂದವನ್ನು ಅಳೆಯುವ ಮಾನ) ಇರಬೇಕು. 16ರ ಗ್ರೇಡ್ 6.1ರಿಂದ 8.2. ಹೆಚ್ಚುಕಡಿಮೆ ಅರ್ಧ. ನಮ್ಮ ಬಿಸಿಲಿಗೆ ದಪ್ಪ ಆಯಿಲ್ಲೇ ಬೇಕು ಅನ್ನುವ ವಾದ ಇಲ್ಲೇ ಸ್ವಲ್ಪ ಸಡಿಲವಾಗುತ್ತದೆ. ಇಂಜಿನ್ ಬಿಸಿಯಾದ ಮೇಲೆ ಅದರ ಶಾಖ ನೋಡಿಕೊಳ್ಳುವುದು ಥರ್ಮೋಸ್ಟಾಟ್ ಮತ್ತು ಕೂಲಂಟ್. ಹೊರಗೆ ಟೋಕಿಯೋ ಚಳಿಯೋ ಠಾಣೆಯ ಸೆಖೆಯೋ, ಒಳಗೆ ದೊಡ್ಡ ವ್ಯತ್ಯಾಸ ಇರಲ್ಲ.

ಆಯಿಲ್ ಗ್ರೇಡ್‌ಗಳನ್ನು ನಿಗದಿ ಮಾಡುವ ಅಮೆರಿಕದ ಇಂಜಿನಿಯರುಗಳ ಸಂಸ್ಥೆ ಎಸ್‌ಎಇಯ ಪಟ್ಟಿಗೆ 16ರ ಗ್ರೇಡ್ ಸೇರಿದ್ದು 2013ರಲ್ಲಿ. ಅಲ್ಲಿಯವರೆಗೆ 20ಕ್ಕಿಂತ ತೆಳುವಾದ ಗ್ರೇಡ್ ಇರಲಿಲ್ಲ. 2020ರಲ್ಲಿ ಇದೊಂದಕ್ಕೇ ಅಂತ ಜಿಎಫ್-6ಬಿ ಎಂಬ ಆಯಿಲ್ ಗುಣಮಟ್ಟದ ಮಾನದಂಡ ಬಂತು. ಕಾರಣ ಮೈಲೇಜ್ ನಿಯಮಗಳು. ಕಂಪನಿ ಮಾರುವ ಎಲ್ಲ ಕಾರುಗಳ ಸರಾಸರಿ ಲೆಕ್ಕ ಹಾಕುವ ಕೆಫೆ ನಿಯಮ ನಮ್ಮಲ್ಲಿ 2017ರಲ್ಲಿ ಶುರುವಾಗಿ 2022ರಲ್ಲಿ ಬಿಗಿಯಾಯಿತು. ಅದೇ 2022ರಲ್ಲಿ ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಿಂದ ಹೈರೈಡರ್, ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗಳು ಹೊರಟವು. ಲೀಟರಿಗೆ 27.97 ಕಿ.ಮೀ. ಎಂಬ ಅಂಕಿ ಎಲ್ಲರ ಬಾಯಲ್ಲಿತ್ತು. ತೆಳು ಆಯಿಲ್‌ನಿಂದ ಉಳಿಯುವ ಪೆಟ್ರೋಲ್ ಒಂದು ಕಾರಿನ ಮಟ್ಟಿಗೆ ಅಲ್ಪ. ಬಂಕಿನಲ್ಲಿ ನಿಮಗೆ ಗೊತ್ತೂ ಆಗಲ್ಲ. ಲಕ್ಷಾಂತರ ಕಾರುಗಳ ಸರಾಸರಿಯಲ್ಲಿ ಮಾತ್ರ ಅದಕ್ಕೆ ಬೆಲೆ. ತೆಳು ಆಯಿಲ್ ಬಂದದ್ದು ಕಂಪನಿಯ ಲೆಕ್ಕಕ್ಕೆ ಅನ್ನುವ ಗ್ಯಾರೇಜಿನವರ ಅನುಮಾನ ಪೂರ್ತಿ ಸುಳ್ಳಲ್ಲ ಅನ್ನೋದು ಇದಕ್ಕೇ.

ಹಾಗಂತ ಹೈಬ್ರಿಡ್‌ಗೆ ತೆಳು ಆಯಿಲ್ ಬರೀ ಲೆಕ್ಕಕ್ಕಾಗಿ ಬಂದದ್ದೂ ಅಲ್ಲ. ಹಿಂಜವಡಿ ಟ್ರಾಫಿಕ್ಕಿನಲ್ಲೋ ಸಯನ್ ಸಿಗ್ನಲ್ಲಿನಲ್ಲೋ ಈ ಕಾರು ಎಷ್ಟೋ ಹೊತ್ತು ಬ್ಯಾಟರಿಯಲ್ಲೇ ಹೋಗುತ್ತದೆ. ಇಂಜಿನ್ ಹತ್ತುತ್ತದೆ, ಆರುತ್ತದೆ, ಮತ್ತೆ ಹತ್ತುತ್ತದೆ. ಪ್ರತಿ ಸಲವೂ ಆಯಿಲ್ ಬೇಗ ಮೇಲಕ್ಕೆ ತಲುಪಬೇಕು. ಆಫೀಸಿಗೆ ಐದಾರು ಕಿ.ಮೀ. ಓಡಾಡುವವರ ಕಾರಿನಲ್ಲಿ ಆಯಿಲ್ ಪೂರ್ತಿ ಬಿಸಿಯೇ ಆಗಲ್ಲ. ತಣ್ಣಗಿನ ಆಯಿಲ್ ಹೇಗೂ ಮಂದ, ಅದನ್ನು ಇನ್ನೂ ದಪ್ಪ ಮಾಡಿ ಲಾಭ ಏನು? ಬಿಸಿಯಾಗದ ಆಯಿಲ್‌ನಿಂದ ತೇವವೂ ಉರಿಯದೆ ಇಳಿದ ಪೆಟ್ರೋಲೂ ಆವಿಯಾಗಿ ಹೋಗುವುದಿಲ್ಲ. ಮುಂಬೈ ಮಳೆಗಾಲದಲ್ಲಿ ಇದು ಇನ್ನೂ ಜಾಸ್ತಿ. ಜಗಳವೆಲ್ಲಾ ದಪ್ಪ-ತೆಳುವಿನ ಸುತ್ತ ನಡೆಯುತ್ತದೆ, ಆಯಿಲ್‌ನ ವಯಸ್ಸನ್ನು ಕೇಳುವವರು ಕಡಿಮೆ.

ಉತ್ತರದ ಬಹುಪಾಲು ಕಾರಿನ ಜೊತೆ ಬಂದ ಪುಸ್ತಕದಲ್ಲೇ ಇರುತ್ತದೆ. ಟೊಯೋಟಾದ ಕೆಲವು ಪುಸ್ತಕಗಳು 0ಡಬ್ಲ್ಯೂ-16 ಸಿಗದಿದ್ದರೆ 0ಡಬ್ಲ್ಯೂ-20 ಹಾಕಬಹುದು, ಮುಂದಿನ ಸಲ 16ಕ್ಕೆ ಮರಳಿ ಎನ್ನುತ್ತವೆ. ಜೋರು ವೇಗಕ್ಕೆ, ಭಾರಿ ಹೊರೆಗೆ ತುಸು ದಪ್ಪ ಆಯಿಲ್ ಹೊಂದಬಹುದು ಅಂತಲೂ ಅದೇ ಪುಸ್ತಕದಲ್ಲಿದೆ. ಏಳು ಜನರನ್ನು ತುಂಬಿಕೊಂಡು ಖಂಬಾಟ್ಕಿ ಘಾಟ್ ಹತ್ತಿ ಬೆಳಗಾವಿಗೆ ಮೇಲಿಂದ ಮೇಲೆ ಹೋಗುವವರು ನಿಮ್ಮ ಪುಸ್ತಕ ಒಪ್ಪುವ ಗ್ರೇಡ್‌ಗಳಲ್ಲಿ ಒಂದು ಮೆಟ್ಟಿಲು ಮೇಲಿನದನ್ನು ಕೇಳಿದರೆ ತಪ್ಪಿಲ್ಲ. ವಾರಂಟಿ ಇರುವವರು ಸರ್ವಿಸ್ ಸೆಂಟರ್‌ನಲ್ಲಿ ಬರೆಸಿಕೊಂಡೇ ಹಾಕಿಸಿ. ಮಾವನ 20ಡಬ್ಲ್ಯೂ-40ಕ್ಕೆ ಮಾತ್ರ ಇಲ್ಲಿ ಜಾಗ ಇಲ್ಲ. ಡ್ರಮ್ಮಿನಿಂದ ಸುರಿಯುವ ಹೆಸರಿಲ್ಲದ ಆಯಿಲ್‌ಗೂ ಇಲ್ಲ.

ಆಯಿಲ್ ಬದಲಿಸುವುದು ಸಾಮಾನ್ಯವಾಗಿ 10,000 ಕಿ.ಮೀ. ಇಲ್ಲವೇ 1 ವರ್ಷಕ್ಕೆ, ಯಾವುದು ಮೊದಲೋ ಅದು. ಕಾರು 4,000 ಓಡಿದ್ದರೂ ವರ್ಷ ತುಂಬಿದರೆ ಬದಲಿಸಿ. ಮಧ್ಯೆ ಆಗಾಗ ಡಿಪ್‌ಸ್ಟಿಕ್ ಎಳೆದು ನೋಡಿ. ಮಟ್ಟ ಇಳಿದಿದ್ದರೆ ಎಲ್ಲರೂ ಗಾಬರಿಯಾಗುತ್ತಾರೆ. ಹೈಬ್ರಿಡ್‌ನಲ್ಲಿ ಅದು ಏರಿದ್ದರೂ ಪೆಟ್ರೋಲ್ ಬೆರೆತಿದೆಯಾ ಅಂತ ಅನುಮಾನ ಪಡಬೇಕು, ಪೆಟ್ರೋಲ್ ವಾಸನೆ ಬಂದರಂತೂ ವರ್ಷ ತುಂಬುವವರೆಗೆ ಕಾಯಬೇಡಿ.