ಹನ್ನೆರಡು ಲಕ್ಷದ ವಾಚು ಯಾರ ಖರ್ಚು? ಸೆಕ್ಷನ್ 37(1) ಓದುವವರಿಗೆ ಒಂದು ಟಿಪ್ಪಣಿ

ನಾನು ಆರ್ಟಿಕಲ್‌ಶಿಪ್ ಮಾಡುವ ಆಡಿಟರ್ ಕಚೇರಿಗೆ ಒಬ್ಬ ಇಂಟೀರಿಯರ್ ಡಿಸೈನರ್ ಬರುತ್ತಾರೆ. ಕಳೆದ ಸಲ ಬಂದಾಗ ಬಿಲ್ಲುಗಳ ಕವರಿನ ಮೇಲೆ ಒಂದು ದಪ್ಪ ಕಾಗದದ ಬಿಲ್ಲು ಇತ್ತು. ಸ್ವಿಸ್ ವಾಚು, 12,00,000 ರೂಪಾಯಿ. ಕೆಳಗೆ ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಅಂತ ಇನ್ನೊಂದು 12,000. ದುಡ್ಡು ಹೋಗಿದ್ದು ವ್ಯವಹಾರದ ಕರೆಂಟ್ ಅಕೌಂಟಿನಿಂದ.

"ಇದನ್ನ ಬಿಸಿನೆಸ್ ಪ್ರಮೋಷನ್‌ಗೆ ಹಾಕ್ಬಿಡಿ ಸಾರ್. ದೊಡ್ಡ ದೊಡ್ಡ ಬಿಲ್ಡರ್‌ಗಳ ಎದುರು ಕೂತ್ಕೋಬೇಕು. ಬರಿಗೈಲಿ ಹೋದ್ರೆ ಯಾರು ಮರ್ಯಾದೆ ಕೊಡ್ತಾರೆ?"

ನಮ್ಮ ಸಾರ್ ಬಿಲ್ಲು ತಿರುಗಿಸಿ ನೋಡಿದರು. "ಮುಂದಿನ ತಿಂಗಳು ತಮ್ಮನ ಮದುವೆ ಅಂದ್ರಲ್ಲ. ಅವತ್ತು ಇದನ್ನ ಆಫೀಸಲ್ಲೇ ಬಿಟ್ಟು ಹೋಗ್ತೀರಾ?"

ಅವರು ನಕ್ಕರು. ವ್ಯಾಪಾರದ ಯಾವ ಖರ್ಚನ್ನು ಆದಾಯದಿಂದ ಕಳೆಯಬಹುದು ಅಂತ ಹೇಳುವ, ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 37(1)ರ ಅರ್ಧ ಪಾಠ ಆ ಪ್ರಶ್ನೆಯಲ್ಲೇ ಇದೆ.

ಮೊದಲು ಸೆಕ್ಷನ್ ಸಂಖ್ಯೆಗಳ ಗೊಂದಲ ಮುಗಿಸೋಣ. ಇಲ್ಲಿ ನಾನು 1961ರ ಕಾಯ್ದೆಯ ಸಂಖ್ಯೆಗಳನ್ನೇ ಬಳಸುತ್ತೇನೆ, ತೀರ್ಪುಗಳೆಲ್ಲ ಅದೇ ಸಂಖ್ಯೆಯಲ್ಲಿ ಇರುವುದರಿಂದ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರಲ್ಲಿ 37(1)ರ ವಿಷಯ ಸೆಕ್ಷನ್ 34ಕ್ಕೆ ಹೋಗಿದೆ. ಹೊಸ ಕಾಯ್ದೆಯಲ್ಲೂ ಸೆಕ್ಷನ್ 37 ಇದೆ, ಆದರೆ ಅದು ಹಳೆಯ 43ಬಿ, ಅಂದರೆ ಕೆಲವು ಖರ್ಚುಗಳನ್ನು ನಿಜವಾಗಿ ಪಾವತಿಸಿದಾಗ ಮಾತ್ರ ಕಳೆಯಲು ಬಿಡುವ ಸೆಕ್ಷನ್. ಪರೀಕ್ಷೆಯಲ್ಲಿ ಯಾರಾದರೂ ಮುಗ್ಗರಿಸುವುದಾದರೆ ಇಲ್ಲೇ.

37(1) ಹೇಳುವುದಿಷ್ಟು: ಖರ್ಚು 30ರಿಂದ 36ರವರೆಗಿನ ಸೆಕ್ಷನ್‌ಗಳಲ್ಲಿ ಬಂದಿರಬಾರದು, ಬಂಡವಾಳ ವೆಚ್ಚ (ವರ್ಷಗಟ್ಟಲೆ ಬಾಳುವ ಆಸ್ತಿಗೆ ಹಾಕಿದ ದುಡ್ಡು) ಆಗಿರಬಾರದು, ತೆರಿಗೆದಾರನ ಸ್ವಂತ ಖರ್ಚಾಗಿರಬಾರದು, ಮತ್ತು ಪೂರ್ತಿಯಾಗಿ, ಕೇವಲ ವ್ಯಾಪಾರ ಅಥವಾ ವೃತ್ತಿಗಾಗಿಯೇ ಆಗಿರಬೇಕು. ಇದನ್ನು ಮತ್ತೊಮ್ಮೆ ಓದಿ. 'ಐಷಾರಾಮಿ' ಅನ್ನುವ ಮಾತು ಎಲ್ಲೂ ಇಲ್ಲ. 'ದುಬಾರಿ' ಇಲ್ಲ. 'ಅಗತ್ಯ' ಕೂಡ ಇಲ್ಲ.

ಆ 'ಅಗತ್ಯ' ಇಲ್ಲದಿರುವುದಕ್ಕೆ ಒಂದು ಕತೆಯಿದೆ. 1961ರ ಮಸೂದೆಯಲ್ಲಿ ಆ ಪದ ಇತ್ತು. ವಿರೋಧ ಬಂದ ಮೇಲೆ ಕೈಬಿಟ್ಟರು. 1979ರ ಸಸೂನ್ ಜೆ. ಡೇವಿಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ನೆನಪಿಸಿತು. ಹಾಗಾಗಿ 'ಇಷ್ಟು ಬೆಲೆಯದು ಬೇಕಿತ್ತಾ?' ಅನ್ನುವ ಕಾರಣಕ್ಕೆ ಅಧಿಕಾರಿ ಖರ್ಚನ್ನು ತೆಗೆದುಹಾಕುವಂತಿಲ್ಲ. 'ಯಾರಿಗಾಗಿ?' ಅಂತ ಮಾತ್ರ ಧಾರಾಳವಾಗಿ ಕೇಳಬಹುದು.

ಈ ದೃಷ್ಟಿಯಿಂದ ನೋಡಿದರೆ ಬೆಲೆ ಹಿಂದೆ ಸರಿಯುತ್ತದೆ. ಸ್ಟಾರ್ ಹೋಟೆಲ್ಲಿನ ಲಾಬಿಯಲ್ಲಿ ತೂಗುವ ಲಕ್ಷಾಂತರ ರೂಪಾಯಿಯ ದೀಪಗುಚ್ಛ ವ್ಯಾಪಾರದ ಆಸ್ತಿ, ಅದಕ್ಕೆ ಸವಕಳಿ (ಆಸ್ತಿಯ ಬೆಲೆಯನ್ನು ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ ಕಳೆಯುವ ಕಡಿತ) ಸಿಗುತ್ತದೆ. ದೀಪಾವಳಿಗೆ ಡೀಲರ್‌ಗಳಿಗೆ ಕೊಟ್ಟ ಬೆಳ್ಳಿ ನಾಣ್ಯ, ಯಾರಿಗೆ ಎಷ್ಟು ಅನ್ನುವ ಪಟ್ಟಿ ಇದ್ದರೆ, ವ್ಯಾಪಾರದ ಖರ್ಚು. (ಒಬ್ಬರಿಗೆ ವರ್ಷಕ್ಕೆ 20,000 ಮೀರಿದರೆ 194ಆರ್ ಪ್ರಕಾರ 10% ಟಿಡಿಎಸ್, ಅಂದರೆ ಕೊಡುವವರೇ ಹಿಡಿದು ಕಟ್ಟುವ ತೆರಿಗೆ, ನೆನಪಿರಲಿ.) ಅದೇ ಮಾಲೀಕ ಇಸ್ತ್ರಿಗೆ ಕೊಟ್ಟ ಅಂಗಿಯ ನೂರು ರೂಪಾಯಿ ಬಿಲ್ಲು ಸ್ವಂತ ಖರ್ಚು.

ಬಟ್ಟೆಯ ವಿಷಯಕ್ಕೆ ಬಂದರೆ ಎರಡು ವಿದೇಶಿ ತೀರ್ಪುಗಳನ್ನು ಓದಲೇಬೇಕು. ನಮ್ಮ ಕೋರ್ಟುಗಳಿಗೆ ಅವು ಕಟ್ಟಳೆಯಲ್ಲ, ಆದರೆ ತರ್ಕ ಕಲಿಯಲು ಅವಕ್ಕಿಂತ ಒಳ್ಳೆಯವು ಸಿಗುವುದಿಲ್ಲ.

ಮೊದಲನೆಯದು ಅಮೆರಿಕದ ಪೆವ್ಸ್‌ನರ್ ಪ್ರಕರಣ, 1980. ಡಲ್ಲಾಸ್‌ನಲ್ಲಿ ಈವ್ ಸಾಂ ಲೊರಾಂ ಬ್ರ್ಯಾಂಡಿನ ಬಟ್ಟೆ ಅಂಗಡಿಯ ಮ್ಯಾನೇಜರ್ ಆಕೆ. ಕೆಲಸದ ಹೊತ್ತಿನಲ್ಲಿ ಅದೇ ಬ್ರ್ಯಾಂಡಿನ ಬಟ್ಟೆ ತೊಡಬೇಕು ಅನ್ನುವುದು ಮಾಲೀಕರ ನಿರೀಕ್ಷೆ. ಮನೆಯಲ್ಲಿ ತಮ್ಮದು ಸರಳ ಬದುಕು, ಅಂಗಡಿ ಬಿಟ್ಟರೆ ಅವನ್ನು ಎಲ್ಲೂ ಹಾಕುವುದಿಲ್ಲ ಎಂದರು. ತೆರಿಗೆ ನ್ಯಾಯಾಲಯ ಒಪ್ಪಿತು. ಮೇಲ್ಮನವಿ ಕೋರ್ಟು ಒಪ್ಪಲಿಲ್ಲ. ಆಕೆ ಹಾಕುತ್ತಾರೋ ಇಲ್ಲವೋ ಬೇರೆ ಮಾತು, ಸಾಮಾನ್ಯವಾಗಿ ಹೊರಗೆ ಹಾಕಬಹುದಾದ ಬಟ್ಟೆ ಹೌದೋ ಅಲ್ಲವೋ ಅಂತ ನೋಡಿತು. ಹೌದು ಅನ್ನುವುದಾದರೆ ಕಡಿತವಿಲ್ಲ.

ಎರಡನೆಯದು ಬ್ರಿಟನ್ನಿನದು, ಮ್ಯಾಲಲ್ಯೂ ವಿರುದ್ಧ ಡ್ರಮಂಡ್, 1983. ವಕೀಲೆಯೊಬ್ಬರು ಕೋರ್ಟಿಗಾಗಿಯೇ ಕೊಂಡ ಕಪ್ಪು ಬಟ್ಟೆಗಳ ಖರ್ಚು ಕೇಳಿದರು. ಮನಸ್ಸಿನಲ್ಲಿ ಇದ್ದದ್ದು ವೃತ್ತಿ ಮಾತ್ರ ಎಂದರು. ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು: ಮನಸ್ಸಿನಲ್ಲಿ ಏನೇ ಇರಲಿ, ಬಟ್ಟೆ ಮೈ ಬೆಚ್ಚಗಿಡುತ್ತದೆ, ಮಾನ ಮುಚ್ಚುತ್ತದೆ. ಆ ಉದ್ದೇಶವೂ ಸೇರಿಕೊಂಡ ಮೇಲೆ 'ಕೇವಲ' ವೃತ್ತಿಗಾಗಿ ಅನ್ನಲಾಗದು. ನನಗೆ ಈ ತೀರ್ಪು ಸ್ವಲ್ಪ ನಿಷ್ಠುರ ಅನಿಸುತ್ತದೆ. ಆದರೆ ನಮ್ಮ ವಾಚಿಗೆ ಇದು ಚೆನ್ನಾಗಿ ಹೊಂದುತ್ತದೆ: ಬಿಲ್ಡರ್ ಎದುರು ಕೂತಾಗಲೂ ಅದು ಡಿಸೈನರ್‌ಗೆ ಗಂಟೆ ಎಷ್ಟಾಯಿತು ಅಂತ ತೋರಿಸುತ್ತಲೇ ಇರುತ್ತದೆ.

ಇದನ್ನು ನಮ್ಮ ಕಡೆಗೆ ತಂದು ನೋಡಿ. ಯಕ್ಷಗಾನ ಮೇಳದವರು ಮಾಡಿಸುವ ಕಿರೀಟ, ಎದೆಕಟ್ಟು, ಭುಜಕೀರ್ತಿಗಳನ್ನು ಹಾಕಿಕೊಂಡು ಯಾರೂ ತರಕಾರಿಗೆ ಹೋಗುವುದಿಲ್ಲ. ಭರತನಾಟ್ಯದವರು ನೆರಿಗೆ ಹಿಡಿದು ಹೊಲಿಸುವ ವೇಷವೂ ಹಾಗೇ. ಇವು ವೃತ್ತಿಯ ಸಾಮಗ್ರಿ, ವಾದಕ್ಕೆ ಬಲವಿದೆ. ಆದರೆ ಕಛೇರಿಗೆ ಅಂತ ಗಾಯಕಿ ಕೊಂಡ ಕಾಂಚೀಪುರಂ ಸೀರೆ? ಅದು ಸೋದರತ್ತೆ ಮಗಳ ಮದುವೆಗೂ ಸರಿಹೋಗುತ್ತದೆ. ಅಲ್ಲಿ ವಾದ ಸೋಲುವ ಸಾಧ್ಯತೆಯೇ ಹೆಚ್ಚು. ಅವರ ತಂಬೂರಿ ಅಥವಾ ವೀಣೆಗೆ ಈ ತಲೆನೋವಿಲ್ಲ, ಅದು ವೃತ್ತಿಯ ಸಲಕರಣೆ. ಎಷ್ಟೇ ಬೆಲೆಯಿದ್ದರೂ ಸವಕಳಿಯ ದಾರಿಯಲ್ಲಿ ಬರುತ್ತದೆ.

ಭಾರತದ ತೀರ್ಪುಗಳಲ್ಲಿ ಮರೆಯಲಾಗದ್ದು ಹಿರಿಯ ವಕೀಲ ಶಾಂತಿ ಭೂಷಣ್ ಅವರ ಪ್ರಕರಣ, ದೆಹಲಿ ಹೈಕೋರ್ಟ್, 2011. ಹೃದಯದ ಶಸ್ತ್ರಚಿಕಿತ್ಸೆಗೆ ಆದ ಸುಮಾರು 1.74 ಲಕ್ಷ ರೂಪಾಯಿಯನ್ನು ವೃತ್ತಿಯ ಖರ್ಚು ಎಂದು ಕೇಳಿದ್ದರು. ಹೃದಯ ನೆಟ್ಟಗಿದ್ದರೆ ತಾನೇ ವಕಾಲತ್ತು ನಡೆಯುವುದು? ಸೆಕ್ಷನ್ 31ರ 'ಪ್ಲಾಂಟ್' (ಯಂತ್ರ, ಸಲಕರಣೆ) ರಿಪೇರಿ ಅಂತಲೂ ವಾದವಿತ್ತು. ಕೋರ್ಟು ಎರಡನ್ನೂ ತಳ್ಳಿಹಾಕಿತು. ಹೃದಯ ಎಲ್ಲ ಮನುಷ್ಯರಿಗೂ ಬದುಕಲು ಬೇಕು, ಅದು ವಕೀಲರ ಉಪಕರಣವಲ್ಲ. ಹೃದಯಕ್ಕೇ ಈ ಗತಿಯಾದರೆ ವಾಚಿನ ಪಾಡು ಊಹಿಸಿಕೊಳ್ಳಿ.

ಇನ್ನು ಕಾರು. ಐಷಾರಾಮಿ ವಸ್ತುಗಳಲ್ಲಿ ನಿಜಕ್ಕೂ ಕಡಿತ ದಕ್ಕುವುದು ಇದಕ್ಕೇ, ಹಾಗಾಗಿ ಲೆಕ್ಕ ಮಾಡಿ ನೋಡೋಣ. ಅದೇ ಡಿಸೈನರ್ ಅಕ್ಟೋಬರ್ 20ರಂದು 24 ಲಕ್ಷದ ಕಾರು ಕೊಂಡು ಅಂದೇ ಬಳಸತೊಡಗಿದರು ಅನ್ನಿ. ಸೈಟುಗಳಿಗೂ ಓಡುತ್ತದೆ, ಭಾನುವಾರ ಮನೆಯವರನ್ನು ನಂದಿಬೆಟ್ಟಕ್ಕೂ ಕರೆದೊಯ್ಯುತ್ತದೆ. ಕಾರು ಬಂಡವಾಳ ಆಸ್ತಿ, ಆದ್ದರಿಂದ 37 ಬಿಟ್ಟು ಸವಕಳಿಯ ಸೆಕ್ಷನ್ 32ಕ್ಕೆ ಬನ್ನಿ. ದರ 15%. ಮಾರ್ಚ್ 31ಕ್ಕೆ ಆಗುವುದು 163 ದಿನ, 180ಕ್ಕಿಂತ ಕಡಿಮೆ, ಹಾಗಾಗಿ ಅರ್ಧ ದರ: 7.5%, ಅಂದರೆ 1,80,000. ಈಗ ಸೆಕ್ಷನ್ 38(2): ಪೂರ್ತಿ ವ್ಯಾಪಾರಕ್ಕೇ ಬಳಸದ ಆಸ್ತಿಗೆ ನ್ಯಾಯವಾದ ಪಾಲು ಮಾತ್ರ. ಸ್ವಂತ ಬಳಕೆ ಕಾಲು ಭಾಗ ಅಂತಾದರೆ 45,000 ಹೋಯಿತು, ಉಳಿದದ್ದು 1,35,000. 30% ಸ್ಲ್ಯಾಬಿನಲ್ಲಿ ಸೆಸ್ ಸೇರಿ ಆ ವರ್ಷ ಉಳಿಯುವ ತೆರಿಗೆ 42,120 ರೂಪಾಯಿ. 24 ಲಕ್ಷಕ್ಕೆ 42,120! 'ಕಾರ್ ತಗೊಂಡ್ರೆ ಟ್ಯಾಕ್ಸ್ ಉಳಿಯುತ್ತೆ' ಅನ್ನುವವರಿಗೆ ಈ ಲೆಕ್ಕ ತೋರಿಸಿ.

ಪೆಟ್ರೋಲ್, ಡ್ರೈವರ್ ಸಂಬಳ, ವಿಮೆಗೂ ಇದೇ ಕಾಲು ಭಾಗದ ಕತ್ತರಿ. ಆ ಪಾಲನ್ನು ನೀವೇ ಆಧಾರ ಸಮೇತ ಹೇಳದಿದ್ದರೆ ಅಧಿಕಾರಿ ಅಂದಾಜು ಹಾಕುತ್ತಾರೆ, ಆ ಅಂದಾಜು ನಿಮಗೆ ಇಷ್ಟವಾಗುವುದಿಲ್ಲ. ಯಾವ ದಿನ ಯಾವ ಸೈಟು, ಎಷ್ಟು ಕಿಲೋಮೀಟರು ಅಂತ ಒಂದು ಲಾಗ್‌ಬುಕ್ ಇಟ್ಟರೆ ಸಾಕು. ಜಿಎಸ್‌ಟಿ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಬಗ್ಗೆ ಎರಡೇ ಮಾತು: ಜಿಎಸ್‌ಟಿ ಕಾಯ್ದೆಯ 17(5)ರಲ್ಲಿ ಟ್ಯಾಕ್ಸಿ, ಕಾರು ಮಾರುವವರು, ಡ್ರೈವಿಂಗ್ ಶಾಲೆ ಬಿಟ್ಟು ಉಳಿದವರ ಸಾಮಾನ್ಯ ಕಾರಿಗೆ ಕ್ರೆಡಿಟ್ ಇಲ್ಲ. ಸ್ವಂತ ಬಳಕೆಯ ಯಾವ ವಸ್ತುವಿಗೂ ಇಲ್ಲ.

ಕಂಪನಿ ಹೆಸರಲ್ಲಿ ಕೊಂಡರೆ? ಇದು ಬುದ್ಧಿವಂತರ ಪ್ರಶ್ನೆ. 2002ರ ಸಯಾಜಿ ಐರನ್ ಪ್ರಕರಣದಲ್ಲಿ ಗುಜರಾತ್ ಹೈಕೋರ್ಟ್, ಕಂಪನಿಗೆ ಮೈಯೂ ಇಲ್ಲ, 'ಸ್ವಂತ ಬಳಕೆ'ಯೂ ಇಲ್ಲ ಎಂದಿತು. ನಿರ್ದೇಶಕರು ಕಾರನ್ನು ಮನೆಗೆ ಬಳಸಿದರು ಅಂತ ಕಂಪನಿಯ ಖರ್ಚು ಕಡಿಯುವಂತಿಲ್ಲ. ಹಾಗಂತ ತೆರಿಗೆ ಆವಿಯಾಗುವುದಿಲ್ಲ, ನಿರ್ದೇಶಕರ ಸಂಬಳದಲ್ಲಿ ಪರ್ಕ್ವಿಸಿಟ್ (ಕಂಪನಿ ಕೊಟ್ಟ ಸೌಲಭ್ಯದ ಬೆಲೆ) ಆಗಿ ಬಂದು ಕೂರುತ್ತದೆ. ಪ್ರೊಪ್ರೈಟರ್‌ಗೆ, ಅಂದರೆ ಸ್ವಂತ ಹೆಸರಿನಲ್ಲೇ ವ್ಯವಹಾರ ಮಾಡುವ ಒಬ್ಬ ಮಾಲೀಕರಿಗೆ, ಈ ಎರಡನೆಯ ದೇಹ ಇಲ್ಲ. ಅವರೂ ವ್ಯವಹಾರವೂ ಒಂದೇ ಪ್ಯಾನ್.

44ಎಡಿಎ (ವಹಿವಾಟಿನ ಒಂದು ಪಾಲನ್ನೇ ಆದಾಯ ಅಂತ ಅಂದಾಜಿನಲ್ಲಿ ತೋರಿಸುವ ಸೆಕ್ಷನ್) ತೆಗೆದುಕೊಂಡ ವೃತ್ತಿನಿರತರಿಗೆ ಈ ಜಗಳವೇ ಇಲ್ಲ. ವಹಿವಾಟಿನ ಕನಿಷ್ಠ 50% ಆದಾಯ ತೋರಿಸಿದರೆ ಉಳಿದದ್ದು ಖರ್ಚು ಅಂತ ಕಾಯ್ದೆಯೇ ಭಾವಿಸುತ್ತದೆ. ಅದರ ಮೇಲೆ ಇನ್ನೊಂದು ಬಿಲ್ಲು ತಂದರೆ ನಡೆಯದು. ನಮ್ಮ ಡಿಸೈನರ್ ವಹಿವಾಟು 75 ಲಕ್ಷ ದಾಟಿದ್ದರಿಂದ ಅವರಿಗೆ ಆ ದಾರಿ ಇರಲಿಲ್ಲ.

ಈಗ ವಾಚಿನ ಬಿಲ್ಲಿನ ಕೆಳಗಿನ ಆ 12,000. 2025ರ ಏಪ್ರಿಲ್ 22ರಿಂದ, 10 ಲಕ್ಷ ಮೀರಿದ ಕೈಗಡಿಯಾರ, ಹ್ಯಾಂಡ್‌ಬ್ಯಾಗು, ತಂಪು ಕನ್ನಡಕ, ಶೂ, ಕಲಾಕೃತಿ, ಹೋಮ್ ಥಿಯೇಟರ್, ರೇಸ್ ಕುದುರೆ ಮುಂತಾದವಕ್ಕೆ 206ಸಿ(1ಎಫ್) ಪ್ರಕಾರ ಮಾರುವವರು 1% ಟಿಸಿಎಸ್ ವಸೂಲಿ ಮಾಡಬೇಕು. ಕಾರಿಗೆ ಇದು ಮೊದಲೇ ಇತ್ತು. 'ಟ್ಯಾಕ್ಸ್ ಹಿಡ್ಕೊಂಡಿದ್ದಾರಲ್ಲ, ಹಾಗಾದ್ರೆ ಲೆಕ್ಕಕ್ಕೆ ತಗೋಬಹುದು' ಅಂತ ಡಿಸೈನರ್ ಅಂದುಕೊಂಡಿದ್ದರು. ಆಗಿದ್ದು ಉಲ್ಟಾ. ಅವರ ಪ್ಯಾನ್ ಮೇಲೆ ಇಂಥ ವಸ್ತು ಕೊಂಡದ್ದು ಇಲಾಖೆಗೆ ಗೊತ್ತಾಯಿತು, ಅಷ್ಟೇ.

ಹಾಗೂ ವಾಚನ್ನು ವ್ಯಾಪಾರದ ಖರ್ಚಿಗೆ ಹಾಕಿಬಿಟ್ಟಿದ್ದರೆ? 12 ಲಕ್ಷಕ್ಕೆ ಸೆಸ್ ಸೇರಿ 31.2% ಅಂದರೆ 3,74,400 ತೆರಿಗೆ. ಸಿಕ್ಕಿಬಿದ್ದರೆ ಅದನ್ನು ಕಟ್ಟಬೇಕು, ಜತೆಗೆ 270ಎ ದಂಡ. ಬರೀ ಕಡಿಮೆ ತೋರಿಸಿದ್ದು ಅಂತಾದರೆ ತೆರಿಗೆಯ 50%, 1,87,200. ಸುಳ್ಳು ನಮೂದು, ಸಂಗತಿ ತಿರುಚಿದ್ದು ಅಂತಾದರೆ 200%, 7,48,800. ಎರಡನೆಯದಾದರೆ ತೆರಿಗೆಯೂ ದಂಡವೂ ಸೇರಿ 11,23,200, ಬಡ್ಡಿ ಬೇರೆ. ಇನ್ನೊಂದು ವಾಚಿಗೆ ಹೆಚ್ಚುಕಡಿಮೆ ಸಾಕು.

ಕೊನೆಗೆ ಎಂಟ್ರಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಡ್ರಾಯಿಂಗ್ಸ್ ಖಾತೆಗೆ (ಮಾಲೀಕರು ಸ್ವಂತಕ್ಕೆ ತೆಗೆದುಕೊಂಡ ದುಡ್ಡಿನ ಲೆಕ್ಕ) 12,00,000 ಡೆಬಿಟ್ ಮಾಡಿದೆ. ಉಳಿದ 12,000 ತೆರಿಗೆಯಲ್ಲವೇ ಅಂತ 'ರೇಟ್ಸ್ ಅಂಡ್ ಟ್ಯಾಕ್ಸಸ್'ಗೆ ಹಾಕಿ ಪಿ ಅಂಡ್ ಎಲ್‌ಗೆ (ಲಾಭ ನಷ್ಟದ ಖಾತೆಗೆ) ತಂದೆ. ಸಾರ್ ಕೆಂಪು ಪೆನ್ನಿನಲ್ಲಿ ಗೀಟೆಳೆದು ಪಕ್ಕದಲ್ಲಿ '40(ಎ)(ii)' ಅಂತ ಬರೆದರು: ಆದಾಯ ತೆರಿಗೆ ಆದಾಯದಿಂದ ಕಳೆಯುವ ಖರ್ಚಲ್ಲ. ಅದೂ ಡ್ರಾಯಿಂಗ್ಸ್‌ಗೇ ಹೋಯಿತು, ಒಟ್ಟು 12,12,000. ರಿಟರ್ನ್‌ನಲ್ಲಿ ಮಾತ್ರ ಆ 12,000 ಟಿಸಿಎಸ್ ಕ್ರೆಡಿಟ್ ಆಗಿ ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಆಯಿತು. ಆ ಬಿಲ್ಲಿನಿಂದ ಡಿಸೈನರ್‌ಗೆ ದಕ್ಕಿದ್ದು ಅಷ್ಟು.